ಸಂಸ್ಥೆಯ ಆಪದ್ಧನ

ಆಪದ್ಧನವೆಂಬ ಮಾತು ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೆ. ಎಷ್ಟೇ ಬಡ ಸಂಸಾರವಾಗಲಿ, ಮನೆಯ ಹಿರಿಯ ಹೆಂಗಸು ಸಾಸಿವೆಯ ಡಬ್ಬಿಯ ತಳದಲ್ಲಿಯೋ ಸೀರೆಯ ಮಡಿಕೆಯಲ್ಲಿಯೋ ನಾಲ್ಕು ಕಾಸನ್ನು ಬಚ್ಚಿಟ್ಟಿರುತ್ತಾಳೆ. ಅದು ಹಬ್ಬಕ್ಕಲ್ಲ, ಜಾತ್ರೆಗಲ್ಲ. ಯಾವಾಗ ಬಂದೀತೆಂದು ಹೇಳಲಾಗದ ಕೆಟ್ಟ ದಿನಕ್ಕೆ. ಆದರೆ ಒಂದು ಸಹಕಾರ ಸಂಘಕ್ಕೆ, ಒಂದು ಬ್ಯಾಂಕಿಗೆ, ಒಂದು ಆಸ್ಪತ್ರೆಗೆ, ಒಂದು ಕಾಲೇಜಿಗೆ ಆಪದ್ಧನವುಂಟೆ? ನಾನು ಕೇಳುತ್ತಿರುವುದು ಹಣವನ್ನು ಕುರಿತಲ್ಲ. ಮೀಸಲು ನಿಧಿ ಎಲ್ಲರಲ್ಲಿಯೂ ಅಷ್ಟಿಷ್ಟು ಇದ್ದೀತು. ಕಟ್ಟಡಕ್ಕೆ ನೀರು ನುಗ್ಗಿದ ಮರುದಿನ ಬೆಳಿಗ್ಗೆ ಕೆಲಸವನ್ನು ಎಲ್ಲಿ, ಯಾರು, ಯಾವ ಪುಸ್ತಕವನ್ನು ನೋಡಿಕೊಂಡು ನಡೆಸಬೇಕು ಎಂಬುದಕ್ಕೆ ಮುಂಚೆಯೇ ಕೂಡಿಟ್ಟ ಉತ್ತರವನ್ನು ಕುರಿತು ಕೇಳುತ್ತಿದ್ದೇನೆ. ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ, ಹೊಳೆಯಿಂದ ಬಂದುದು. ಆದುದರಿಂದ ಮೊದಲು ಆ ಸಂಗತಿಯನ್ನು ಹೇಳಿ ಅನಂತರ ವಿಷಯಕ್ಕೆ ಬರುವೆನು.

ನಮ್ಮ ಊರು ಮಲಪ್ರಭೆಯ ದಂಡೆಯ ಮೇಲಿದೆ. 2019ರ ಆಗಸ್ಟ್ ತಿಂಗಳಲ್ಲಿ ಹೊಳೆ ಊರೊಳಗೆ ಬಂದಾಗ ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದೆ. ನಮ್ಮ ಕಾಕಾ ಊರಿನ ಹಾಲಿನ ಸಂಘದ ಕಾರ್ಯದರ್ಶಿ. ಸಂಘವೆಂದರೆ ತಗ್ಗಿನ ಓಣಿಯಲ್ಲಿ ಒಂದು ಕೋಣೆ, ಹಾಲು ಅಳೆಯುವ ಸಾಮಾನು, ಜಿಡ್ಡು ನೋಡುವ ಯಂತ್ರ, ಕೆಲವು ಕ್ಯಾನುಗಳು ಮತ್ತು ಒಂದು ದಪ್ಪ ರಿಜಿಸ್ಟರು, ಇಷ್ಟೆ. ಜನರನ್ನೂ ದನಗಳನ್ನೂ ಎತ್ತರದ ಶಾಲೆಯ ಬಯಲಿಗೆ ಸಾಗಿಸುವ ಗಡಿಬಿಡಿಯಲ್ಲಿ ಸಂಘದ ಕೋಣೆಯ ನೆನಪು ಯಾರಿಗೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಜೀವ ಮೊದಲು. ಯಾರ ಜೀವಕ್ಕೂ ಅಪಾಯವಾಗಲಿಲ್ಲವೆಂಬುದು ನಮ್ಮ ಪುಣ್ಯ.

ತೊಂದರೆ ತಿಳಿದುಬಂದುದು ಆಮೇಲೆ. ಎಮ್ಮೆ ಆಕಳುಗಳು ಪ್ರವಾಹ ಬಂದಿತೆಂದು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲವಷ್ಟೆ. ಹಾಲಿನ ಗಾಡಿ ಎತ್ತರದ ರಸ್ತೆಯವರೆಗೆ ಬರುವಂತಿದ್ದಿತು. ಆದರೆ ಅಳತೆಯ ಸಾಮಾನು ನೀರಿನಲ್ಲಿ. ಜಿಡ್ಡು ನೋಡುವುದು ಕಾಕಾನೊಬ್ಬನಿಗೇ ಗೊತ್ತು, ಅವನು ನಮ್ಮ ಅಜ್ಜಿಯನ್ನು ಕರೆದುಕೊಂಡು ತಾಲ್ಲೂಕಿನ ಆಸ್ಪತ್ರೆಗೆ ಹೋಗಿದ್ದ. ಐದು ದಿನ ಹಾಲನ್ನು ಮಕ್ಕಳಿಗೆ ಕುಡಿಸಿ, ಉಳಿದದ್ದನ್ನು ಚೆಲ್ಲಿದರು. ನೀರು ಇಳಿದ ಮೇಲೆ ಕೋಣೆಯ ಬಾಗಿಲು ತೆಗೆದರೆ ರಿಜಿಸ್ಟರು ಕೆಸರಿನ ಮುದ್ದೆಯಾಗಿದ್ದಿತು. ಒಂಬತ್ತು ದಿನದ ಹಾಲಿನ ಬಟವಾಡೆ ಬಾಕಿಯಿದ್ದಿತು. ಮನೆ ಬಿದ್ದವರಿಗೆ ಆ ವಾರ ಒಂದೊಂದು ರೂಪಾಯಿಯೂ ಬೇಕಾಗಿದ್ದಿತು.

ಕಾಕಾ ಒಂದು ಉಪಾಯ ಮಾಡಿದ. ಪ್ರತಿಯೊಬ್ಬ ಸದಸ್ಯರ ಕೈಯಲ್ಲಿಯೂ ಹಾಲಿನ ಕಾರ್ಡು ಇರುತ್ತದೆ. ದಿನದಿನದ ಲೀಟರು, ಜಿಡ್ಡು ಎರಡೂ ಅದರಲ್ಲಿರುತ್ತವೆ. ಶಾಲೆಯ ಪಡಸಾಲೆಯಲ್ಲಿ ಕುಳಿತು ಎಲ್ಲರ ಕಾರ್ಡುಗಳನ್ನೂ ತರಿಸಿದ. ಲೆಕ್ಕ ಕೂಡಿಸುವ ಕೆಲಸ ನನಗೆ ಬಂದಿತು. ಆಗ ಹೊಳೆಯ ದಂಡೆಯ ಓಣಿಯ ಒಬ್ಬ ವಿಧವೆ ಬಂದು ನಿಂತಳು. ಅವಳಿಗಿದ್ದುದು ಒಂದೇ ಎಮ್ಮೆ.

“ತಮ್ಮಾ, ನನ್ನ ಕಾರ್ಡು ಹೊಳಿ ಪಾಲಾತು. ನಿಮ್ಮ ಬುಕ್ಕೂ ಹೋತಂತ. ಇನ್ನ ನಾ ಹಾಲ ಹಾಕಿದ್ದಕ್ಕ ಸಾಕ್ಷಿ ಯಾರು? ನನ್ನ ಎಮ್ಮಿ ಬಂದು ಹೇಳತೈತೇನು?”

“ತಡಿ ಯವ್ವಾ, ಊರ ಮಂದೀದೆಲ್ಲಾ ಲೆಕ್ಕ ಕೂಡಿಸಿದ ಮ್ಯಾಲೆ ನಿಂದೂ ಹೊರಗ ಬರತೈತಿ” ಎಂದ ಕಾಕಾ.

ಅವನ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. ನಮ್ಮ ಊರಿನಿಂದ ದಿನಕ್ಕೆ ಒಟ್ಟು ಎಷ್ಟು ಲೀಟರು ಹೋಯಿತೆಂಬ ಲೆಕ್ಕ ಒಕ್ಕೂಟದಲ್ಲಿದ್ದಿತು. ಯಾರದು ಎಷ್ಟು ಎಂಬುದು ಅಲ್ಲಿರಲಿಲ್ಲ. ಒಟ್ಟು ಮೊತ್ತದಿಂದ ಕಾರ್ಡುಗಳ ಮೊತ್ತವನ್ನು ಕಳೆದರೆ ಉಳಿದದ್ದು ಕಾರ್ಡು ಕಳೆದುಕೊಂಡವರದು. ಹಾಗೆ ಕಳೆದುಕೊಂಡಿದ್ದವರು ಮೂರೇ ಮನೆಯವರು. ದಿನಕ್ಕೆ 11 ಲೀಟರಿನ ಆಸುಪಾಸು ಉಳಿಯಿತು. ಮೂವರೂ ಕುಳಿತು ಮಾತನಾಡಿ ಹಂಚಿಕೊಂಡರು. ಅವಳಿಗೆ ದಿನಕ್ಕೆ 3 ಲೀಟರು ಬಂದಿತು. ಲೀಟರು ಸಿಕ್ಕಿತು, ಆದರೆ ಜಿಡ್ಡು ಸಿಕ್ಕಲಿಲ್ಲ. ಹಾಲಿನ ದರ ನಿಲ್ಲುವುದು ಜಿಡ್ಡಿನ ಮೇಲೆ. ಜಿಡ್ಡಿನ ಅಂಕಿ ಎಲ್ಲಿಯೂ ಇಲ್ಲದುದರಿಂದ ಊರಿನ ಸರಾಸರಿಯನ್ನು ಹಿಡಿದರು. ಊರಿನಲ್ಲಿ ಆಕಳುಗಳೇ ಹೆಚ್ಚು. ಎಮ್ಮೆಯ ಹಾಲಿಗೆ ಜಿಡ್ಡು ಹೆಚ್ಚು. ಅವಳು ಏನನ್ನೂ ಹೇಳದೆ ಕೊಟ್ಟುದನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಆ ದಿನ ನಮ್ಮ ಸಂಘವನ್ನು ಉಳಿಸಿದುದು ಯೋಜನೆಯಲ್ಲ, ಅದೃಷ್ಟ. ಹೊಳೆ ಇನ್ನೆರಡು ಅಡಿ ಏರಿದ್ದರೆ ಎಲ್ಲರ ಕಾರ್ಡುಗಳೂ ಹೋಗುತ್ತಿದ್ದವು. ಈ ಅದೃಷ್ಟದ ಸ್ಥಾನದಲ್ಲಿ ವಿಚಾರವನ್ನು ಇಡುವ ವಿದ್ಯೆಯೊಂದು ಇದೆಯೆಂದು ಕಾಲೇಜಿಗೆ ಬಂದ ಮೇಲೆ ತಿಳಿದೆನು. ಅದನ್ನು ಇಂಗ್ಲಿಷಿನಲ್ಲಿ ಬಿಸಿನೆಸ್ ಕಂಟಿನ್ಯುಯಿಟಿ ಪ್ಲಾನಿಂಗ್ ಎನ್ನುತ್ತಾರೆ. ಹೆಸರಿನಲ್ಲಿ ವ್ಯಾಪಾರವಿದ್ದರೂ ಅದು ವ್ಯಾಪಾರಿಗಳಿಗೆ ಮಾತ್ರ ಸೇರಿದ್ದಲ್ಲ. ನಾವು ಇದನ್ನು ಕಾರ್ಯ ಮುಂದುವರಿಕೆಯ ಯೋಜನೆ ಎಂದು ಕರೆಯೋಣ. ವಿಪತ್ತಿನ ಮುನ್ಸಿದ್ಧತೆ ಇದರ ಅಕ್ಕನಿದ್ದಂತೆ. ಜನರ ಪ್ರಾಣವನ್ನೂ ಸೊತ್ತನ್ನೂ ಕಾಪಾಡುವುದು ಅಕ್ಕನ ಕೆಲಸ. ಪ್ರಾಣ ಉಳಿದ ಮೇಲೆ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ತಂಗಿಯ ಕೆಲಸ.

ಈ ವಿದ್ಯೆಯ ಮೊದಲನೆಯ ಪ್ರಶ್ನೆ ಬಹಳ ಸರಳವಾದುದು: ನಮ್ಮಲ್ಲಿ ಯಾವುದು ನಿಲ್ಲಬಾರದು? ಎಲ್ಲವೂ ನಿಲ್ಲಬಾರದು ಎಂಬುದು ಉತ್ತರವಲ್ಲ. ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ನಿಮಿಷಗಳ ಮಟ್ಟಿಗೂ ನಿಲ್ಲಕೂಡದು. ಹೊರರೋಗಿಗಳ ಚೀಟಿ ಒಂದು ಗಂಟೆ ತಡೆಯಬಹುದು. ವಾರ್ಷಿಕ ವರದಿ ಒಂದು ತಿಂಗಳು ತಡೆದರೂ ಯಾರಿಗೂ ನೋವಿಲ್ಲ. ಹೀಗೆ ಪ್ರತಿಯೊಂದು ಕೆಲಸವನ್ನೂ ಎದುರಿಗಿಟ್ಟುಕೊಂಡು ಎರಡು ಗಡುವುಗಳನ್ನು ಗೊತ್ತುಮಾಡಬೇಕು. ಇದು ಎಷ್ಟು ಹೊತ್ತು ನಿಂತರೆ ತಾಳಬಹುದು ಎಂಬುದು ಒಂದು; ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ತಾಳಬಹುದು ಎಂಬುದು ಎರಡನೆಯದು. ನಮ್ಮ ಹಾಲಿನ ಸಂಘಕ್ಕೆ ಮೊದಲನೆಯ ಗಡುವು ಒಂದು ಹೊತ್ತು, ಏಕೆಂದರೆ ಹಾಲು ಸಂಜೆಯವರೆಗೆ ಕಾಯುವುದಿಲ್ಲ. ಎರಡನೆಯದು ಒಂದು ದಿನ. ಇವೆರಡನ್ನೂ ಯಾರೂ ಎಣಿಸಿರಲಿಲ್ಲವಾಗಿ ಐದು ದಿನದ ಹಾಲೂ ಒಂಬತ್ತು ದಿನದ ಲೆಕ್ಕವೂ ಹೋದವು.

ಗಡುವು ಗೊತ್ತಾದ ಮೇಲೆ ಅದನ್ನು ಪಾಲಿಸಲು ಬೇಕಾದ ಆಪದ್ಧನ ನಾಲ್ಕು ಬಗೆಯದು: ಪ್ರತಿ, ಸ್ಥಳ, ವ್ಯಕ್ತಿ ಮತ್ತು ಅಭ್ಯಾಸ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು ಪ್ರತಿ. ಮುಖ್ಯವಾದ ದಾಖಲೆಯ ಇನ್ನೊಂದು ನಕಲು ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ; ಆದರೆ ಅದನ್ನು ಎಲ್ಲಿಡಬೇಕೆಂಬುದರಲ್ಲಿ ಎಡವುತ್ತಾರೆ. ಮೂಲವಿದ್ದ ಬೀರುವಿನಲ್ಲಿಯೇ ಇಟ್ಟ ನಕಲು ನಕಲೇ ಅಲ್ಲ. ಒಂದೇ ಬೆಂಕಿ ಎರಡನ್ನೂ ತಿನ್ನುತ್ತದೆ. ಇದು ಹಳ್ಳಿಯ ಸಂಘಗಳು ಮಾತ್ರ ಮಾಡುವ ತಪ್ಪೆಂದು ತಿಳಿಯಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕ್ಲೌಡ್ ಎಂಬ ಕಂಪೆನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಅನೇಕ ಗಿರಾಕಿಗಳ ಜಾಲತಾಣಗಳೂ ಕಡತಗಳೂ ಅಲ್ಲಿದ್ದವು. ಬೇರೆ ಊರಿನಲ್ಲಿ ಪ್ರತಿಯಿಟ್ಟಿದ್ದವರು ಬೇಗನೆ ಚೇತರಿಸಿಕೊಂಡರು. ಪ್ರತಿಯೂ ಅದೇ ಆವರಣದಲ್ಲಿದ್ದವರಲ್ಲಿ ಕೆಲವರು ಎಲ್ಲವನ್ನೂ ಕಳೆದುಕೊಂಡರು. ಗಣಕಯಂತ್ರದವರು ಇದಕ್ಕೆ ಮೂರು-ಎರಡು-ಒಂದು ಎಂಬ ಸೂತ್ರವನ್ನು ಹೇಳುತ್ತಾರೆ: ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ನಮ್ಮ ಊರಿನ ಹಾಲಿನ ಕಾರ್ಡುಗಳು ಈ ಸೂತ್ರವನ್ನು ತಿಳಿಯದೆಯೇ ಪಾಲಿಸಿದ್ದವು. ಒಂದು ರಿಜಿಸ್ಟರಿನ ವಿಷಯ ಊರಿನ ಮನೆಮನೆಯ ಗೂಡಿನಲ್ಲಿಯೂ ಹಂಚಿಹೋಗಿದ್ದಿತು.

ಎರಡನೆಯದು ಸ್ಥಳ. ಕಟ್ಟಡ ಹೋದರೆ ನಾಳೆ ಎಲ್ಲಿ ಕುಳಿತುಕೊಳ್ಳುವುದು? ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಹೊಸ ಅರಮನೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಎದ್ದು ಮುಗಿಯುವ ಹೊತ್ತಿಗೆ 1912 ಆಯಿತು. ಹದಿನೈದು ವರ್ಷ ರಾಜ್ಯದ ಅರಮನೆ ಇಲ್ಲದಂತಾಯಿತೆ? ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ್ದ ಜಗನ್ಮೋಹನ ಅರಮನೆ ಸಮೀಪದಲ್ಲಿಯೇ ಇದ್ದಿತು. ರಾಜಮನೆತನದ ವಾಸ ಅಲ್ಲಿಗೆ ಸಾಗಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ಸಮಾರಂಭವೂ ಅಲ್ಲಿಯೇ ನಡೆಯಿತು. ಅದನ್ನು ಆಪತ್ತಿಗೆಂದು ಕಟ್ಟಿರಲಿಲ್ಲ, ನಿಜ. ಆದರೆ ಬಳಸಬಹುದಾದ ಎರಡನೆಯ ಚಾವಡಿಯೊಂದು ಸಿದ್ಧವಾಗಿದ್ದರೆ ಎಷ್ಟು ದೊಡ್ಡ ಕೇಡನ್ನೂ ದಾಟಬಹುದೆಂಬುದಕ್ಕೆ ಇದು ಸಾಕ್ಷಿ. ಎಲ್ಲರಿಗೂ ಎರಡು ಅರಮನೆಗಳು ಎಲ್ಲಿಂದ ಬರಬೇಕು? ಅರಮನೆ ಬೇಡ, ಇನ್ನೊಂದು ಸಂಸ್ಥೆಯೊಡನೆ ಒಂದು ಒಪ್ಪಂದ ಸಾಕು. ನಿಮಗೆ ಆಪತ್ತು ಬಂದರೆ ನಮ್ಮ ಎರಡು ಕೋಣೆ ನಿಮಗೆ, ನಮಗೆ ಬಂದರೆ ನಿಮ್ಮದು ನಮಗೆ ಎಂಬ ಮಾತನ್ನು ಮುಂಚೆಯೇ ಬರೆದಿಟ್ಟುಕೊಳ್ಳುವುದಕ್ಕೆ ಒಂದು ಹಾಳೆ ಕಾಗದಕ್ಕಿಂತ ಹೆಚ್ಚು ವೆಚ್ಚವಿಲ್ಲ.

ಮೂರನೆಯದು ವ್ಯಕ್ತಿ. ಕಟ್ಟಡವೂ ಯಂತ್ರವೂ ನೆಟ್ಟಗಿದ್ದು, ನಡೆಸುವವರು ಬಾರದಿದ್ದರೆ? 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ಮಳೆಯಲ್ಲಿ ಮುಳುಗಿದಾಗ ‘ದಿ ಹಿಂದೂ’ ಪತ್ರಿಕೆ ಡಿಸೆಂಬರ್ 2ರಂದು ಆ ನಗರದಲ್ಲಿ ಅಚ್ಚಾಗಿ ಹೊರಬರಲಿಲ್ಲ. 1878ರಲ್ಲಿ ಆರಂಭವಾದ ಪತ್ರಿಕೆಗೆ ಪ್ರವಾಹದಿಂದ ಹಾಗಾದುದು ಅದೇ ಮೊದಲು. ಕಾರಣವೇನೆಂದರೆ, ಕೆಲಸಗಾರರು ನಗರದ ಹೊರಗಿದ್ದ ಅಚ್ಚುಕೂಟವನ್ನು ಸೇರಲಾಗಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ದಿಗ್ಬಂಧನ ಬಂದಾಗಲಂತೂ ಈ ಪಾಠ ದೇಶಕ್ಕೇ ಆಯಿತು. ಕಚೇರಿಗಳೆಲ್ಲ ಗಟ್ಟಿಯಾಗಿ ನಿಂತಿದ್ದವು, ಜನ ಮಾತ್ರ ಮನೆಯಲ್ಲಿದ್ದರು. ಮನೆಯಿಂದಲೇ ಕೆಲಸ ಮಾಡುವ ಏರ್ಪಾಡಿದ್ದ ಸಂಸ್ಥೆಗಳು ನಡೆದವು. ಕಡತ ಕಚೇರಿಯ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಒಬ್ಬ ಗುಮಾಸ್ತರ ಜೇಬಿನಲ್ಲಿ ಇದ್ದಂಥವು ನಿಂತವು. ಆದುದರಿಂದ ಪ್ರತಿಯೊಂದು ಮುಖ್ಯ ಕೆಲಸವನ್ನೂ ಕನಿಷ್ಠಪಕ್ಷ ಇಬ್ಬರು ಬಲ್ಲವರಾಗಿರಬೇಕು. ಇದು ಕೆಲವರಿಗೆ ರುಚಿಸುವುದಿಲ್ಲ. ತಾನಿಲ್ಲದೆ ಕಚೇರಿ ನಡೆಯುವುದಿಲ್ಲವೆಂಬುದು ಒಂದು ಬಗೆಯ ಹೆಮ್ಮೆ. ಆದರೆ ಒಬ್ಬನಿಲ್ಲದೆ ನಡೆಯದ ಸಂಸ್ಥೆ ಆ ಒಬ್ಬನ ಜ್ವರದಷ್ಟು ದುರ್ಬಲವಾದುದು. ನಮ್ಮ ಕಾಕಾ ಆ ಐದು ದಿನ ಆಸ್ಪತ್ರೆಯಲ್ಲಿದ್ದುದು ತಪ್ಪಲ್ಲ. ಜಿಡ್ಡು ನೋಡುವುದನ್ನು ಇನ್ನೊಬ್ಬರಿಗೆ ಕಲಿಸದೆ ಇದ್ದುದು ತಪ್ಪು. ಇದನ್ನು ಅವನೇ ಹೇಳುತ್ತಾನೆ.

ನಾಲ್ಕನೆಯದು ಅಭ್ಯಾಸ, ನನ್ನ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದುದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣ ಗೋಪುರದಲ್ಲಿ ಮಾರ್ಗನ್ ಸ್ಟ್ಯಾನ್ಲಿ ಎಂಬ ಹಣಕಾಸಿನ ಸಂಸ್ಥೆಯ ಕಚೇರಿಗಳಿದ್ದವು. ಅದರ ರಕ್ಷಣಾಧಿಕಾರಿ ರಿಕ್ ರೆಸ್ಕೋರ್ಲಾ. 1993ರಲ್ಲಿ ಆ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬು ಸ್ಫೋಟವಾದುದನ್ನು ಕಂಡಿದ್ದ ಆತ, ಮತ್ತೊಮ್ಮೆ ಆಕ್ರಮಣವಾಗಬಹುದೆಂದು ನಂಬಿ, ಮೂರು ಮೂರು ತಿಂಗಳಿಗೊಮ್ಮೆ ನೌಕರರೆಲ್ಲರನ್ನೂ ಮೆಟ್ಟಿಲಿನಿಂದ ಇಳಿಸುವ ಅಭ್ಯಾಸ ಮಾಡಿಸುತ್ತಿದ್ದ. ಲಕ್ಷಾಂತರ ಡಾಲರುಗಳ ವ್ಯವಹಾರವನ್ನು ನಡುವೆ ಬಿಟ್ಟು ಏಳಬೇಕಾದವರು ಗೊಣಗಿಕೊಳ್ಳದೆ ಇದ್ದಾರೆಯೆ? 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ, ದಕ್ಷಿಣ ಗೋಪುರದವರು ಇದ್ದಲ್ಲಿಯೇ ಇರಬೇಕೆಂದು ಧ್ವನಿವರ್ಧಕದಲ್ಲಿ ಸೂಚನೆ ಬಂದಿತು. ರೆಸ್ಕೋರ್ಲಾ ಅದಕ್ಕೆ ಕಿವಿಗೊಡದೆ ಎಲ್ಲರನ್ನೂ ಇಳಿಸತೊಡಗಿದ. ಸಂಸ್ಥೆಯ ಹೆಚ್ಚುಕಡಿಮೆ 2,700 ಮಂದಿಯಲ್ಲಿ ಬಹುಮಟ್ಟಿಗೆ ಎಲ್ಲರೂ ಬದುಕಿಕೊಂಡರು. ಉಳಿದವರನ್ನು ಹುಡುಕಲು ಮತ್ತೆ ಮೇಲೇರಿದ ಆತ ಹಿಂದಿರುಗಲಿಲ್ಲ. ಆ ದಿನ ಇಳಿದವರು ದಾರಿಯನ್ನು ಯೋಚಿಸಬೇಕಾಗಿರಲಿಲ್ಲ. ಕಾಲುಗಳಿಗೇ ದಾರಿ ಗೊತ್ತಿದ್ದಿತು. ಅಭ್ಯಾಸದ ಅರ್ಥವೇ ಇದು.

ಇದೆಲ್ಲವೂ ಹೊರಗಿನಿಂದ ಬಂದ ಹೊಸ ವಿದ್ಯೆಯೆಂದು ಯಾರಾದರೂ ಭಾವಿಸಿದರೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಬಹುದು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯ ಪ್ರತಿಯಿಂದ ಬೆಳಕಿಗೆ ತಂದು, 1909ರಲ್ಲಿ ಅಚ್ಚು ಮಾಡಿಸಿದ ಗ್ರಂಥವದು. ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ, ಪ್ರತಿಯೊಂದು ಮನೆಯಲ್ಲಿಯೂ ನೀರಿನ ಗಡಿಗೆಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ಚೀಲ ಮುಂತಾದುವು ಬೆಂಕಿಗಾಗಿ ಸಿದ್ಧವಾಗಿರಬೇಕೆಂದು ಕೌಟಿಲ್ಯ ವಿಧಿಸುತ್ತಾನೆ. ಇಡದವನಿಗೆ ಕಾಲು ಪಣ ದಂಡ. ಗಮನಿಸಬೇಕಾದುದು ಇಲ್ಲಿದೆ: ಈ ದಂಡ ಮನೆಗೆ ಬೆಂಕಿ ಬಿದ್ದುದಕ್ಕಲ್ಲ, ಸಿದ್ಧನಾಗಿ ಇಲ್ಲದುದಕ್ಕೆ. ಮಳೆಗಾಲದಲ್ಲಿ ಹೊಳೆಯ ದಂಡೆಯ ಊರಿನವರು ನೆರೆಯ ಮಟ್ಟವನ್ನು ಬಿಟ್ಟು ದೂರ ವಾಸಿಸಬೇಕು, ಮರದ ದಿಮ್ಮಿ, ಬಿದಿರು, ದೋಣಿಗಳನ್ನು ಕೂಡಿಟ್ಟುಕೊಳ್ಳಬೇಕು ಎಂದೂ ಅವನು ಹೇಳಿದ್ದಾನೆ. ನಮ್ಮ ಓಣಿಯವರು ಈ ಮಾತನ್ನು ಕೇಳಿದ್ದರೆ!

ಈ ಕಾಲದಲ್ಲಿಯೂ ಕಾನೂನು ಇಲ್ಲದಿಲ್ಲ. ನಮ್ಮ ದೇಶದಲ್ಲಿ ವಿಪತ್ತು ನಿರ್ವಹಣಾ ಅಧಿನಿಯಮ 2005ರಲ್ಲಿ ಬಂದಿತು. ಅದರಂತೆ ರಾಷ್ಟ್ರಕ್ಕೂ ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರಗಳಿವೆ. ಸಂಸ್ಥೆಗಳ ಕಾರ್ಯ ಮುಂದುವರಿಕೆಗೆಂದೇ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನಕ 2012ರಲ್ಲಿ ಪ್ರಕಟವಾಗಿ 2019ರಲ್ಲಿ ಪರಿಷ್ಕೃತವಾಯಿತು. ಇವು ಬೇಕಾದುವೇ. ಆದರೆ ಮಾನಕವನ್ನು ಓದಿ ಬರೆದ ಯೋಜನೆಯೂ ಬೀರುವಿನೊಳಗೆ ಮಲಗಿದ್ದರೆ, ನೀರು ಬಂದ ದಿನ ಅದೂ ರಿಜಿಸ್ಟರಿನೊಡನೆಯೇ ನೆನೆಯುತ್ತದೆ. ವರ್ಷಕ್ಕೊಮ್ಮೆ ಹೊರತೆಗೆದು, ಇದರಲ್ಲಿ ಹೆಸರಿರುವವರು ಇನ್ನೂ ಇಲ್ಲಿಯೇ ಇದ್ದಾರೆಯೆ, ಬರೆದಿರುವ ಫೋನು ನಂಬರಿಗೆ ಯಾರಾದರೂ ಉತ್ತರ ಕೊಡುತ್ತಾರೆಯೆ, ಇಟ್ಟಿರುವ ಪ್ರತಿಯನ್ನು ತೆರೆದರೆ ಓದಲು ಬರುತ್ತದೆಯೆ ಎಂದು ಪರೀಕ್ಷಿಸಿದರೆ ಮಾತ್ರ ಅದು ಯೋಜನೆ.

ಇನ್ನು ನಮ್ಮ ಕಾಲೇಜುಗಳ ವಿಷಯ. ಮಿತ್ರರೇ, ನಾವು ಇಲ್ಲಿಂದ ಹೊರಟು ಹತ್ತು ವರ್ಷವಾದ ಮೇಲೆ ಒಂದು ಕೆಲಸಕ್ಕೆ ಅರ್ಜಿ ಹಾಕುವಾಗ ನಮ್ಮ ಅಂಕಪಟ್ಟಿಯ ಸತ್ಯವನ್ನು ಹೇಳುವುದು ಕಚೇರಿಯ ಹಳೆಯ ಲೆಡ್ಜರು. ಅದರ ಇನ್ನೊಂದು ಪ್ರತಿ ಎಲ್ಲಿದೆ? ಗ್ರಂಥಾಲಯದ ನೋಂದಣಿ ಪುಸ್ತಕ ಹೋದರೆ ಯಾವ ಪುಸ್ತಕ ನಮ್ಮದೆಂದು ಹೇಗೆ ತಿಳಿಯುವುದು? ಪರೀಕ್ಷೆಯ ದಿನ ಕೊಠಡಿಗಳಿಗೆ ನೀರು ಬಂದರೆ ಯಾವ ಶಾಲೆಯಲ್ಲಿ ಕುಳಿತುಕೊಳ್ಳುವುದು? ಬೆಂಕಿಯಾರಿಸುವ ಕೆಂಪು ಸಿಲಿಂಡರನ್ನು ಗೋಡೆಯ ಮೇಲೆ ನಾವೆಲ್ಲರೂ ನೋಡಿದ್ದೇವೆ. ಅದನ್ನು ಬಳಸಲು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ನಾನಂತೂ ಈ ಲೇಖನವನ್ನು ಬರೆಯತೊಡಗಿದ ಮೇಲೆಯೇ ಅದರ ಪಿನ್ನನ್ನು ಕಿತ್ತು ಹಿಡಿಕೆಯನ್ನು ಒತ್ತಬೇಕೆಂಬುದನ್ನು ತಿಳಿದುಕೊಂಡೆನು. ಈ ಪ್ರಶ್ನೆಗಳನ್ನು ಆಕ್ಷೇಪಣೆಯಾಗಿ ಕೇಳುತ್ತಿಲ್ಲ. ಎನ್.ಎಸ್.ಎಸ್. ಶಿಬಿರದ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಟ್ಟು, ಗುರುಗಳ ಮಾರ್ಗದರ್ಶನದಲ್ಲಿ ಉತ್ತರಗಳನ್ನು ಬರೆದಿಟ್ಟರೆ, ಅದು ನಮ್ಮ ಹಿಂದೆ ಬರುವವರಿಗೆ ನಾವು ಬಿಟ್ಟುಹೋಗುವ ಆಪದ್ಧನವಾದೀತು.

ನಮ್ಮ ಊರಿನ ಸಂಘ ಈಗ ಅಷ್ಟು ಕಲಿತಿದೆ. ಪ್ರತಿದಿನ ಸಂಜೆ ರಿಜಿಸ್ಟರಿನ ಆ ದಿನದ ಪುಟವನ್ನು ಫೋನಿನಲ್ಲಿ ಚಿತ್ರ ತೆಗೆದು ಪಟ್ಟಣದಲ್ಲಿರುವ ಒಬ್ಬ ನಿರ್ದೇಶಕರಿಗೆ ಕಳುಹಿಸುತ್ತಾರೆ. ಜಿಡ್ಡು ನೋಡುವುದನ್ನು ಇಬ್ಬರು ಹುಡುಗರೂ ಒಬ್ಬ ಹೆಣ್ಣುಮಗಳೂ ಕಲಿತಿದ್ದಾರೆ. ಮೇ ತಿಂಗಳ ಕೊನೆಯ ಭಾನುವಾರ, ಮಳೆ ಕಾಲಿಡುವ ಮೊದಲು, ಯಂತ್ರವನ್ನೂ ಕ್ಯಾನುಗಳನ್ನೂ ಶಾಲೆಯ ಪಡಸಾಲೆಗೆ ಹೊತ್ತು, ಒಂದು ಹೊತ್ತಿನ ಹಾಲನ್ನು ಅಲ್ಲಿಯೇ ತೆಗೆದುಕೊಳ್ಳುತ್ತಾರೆ. ಮೊದಲನೆಯ ವರ್ಷ ಜನ ನಕ್ಕರು. ಈಗ ಅದೊಂದು ಸಣ್ಣ ಜಾತ್ರೆಯಂತೆ ಆಗಿದೆ. ಕಳೆದ ಸಲ ಆ ಅವ್ವನೂ ತಂಬಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಜಿಡ್ಡಿನ ಅಂಕಿಯನ್ನು ಕಾರ್ಡಿನಲ್ಲಿ ಬರೆದು ಕೊಟ್ಟಾಗ, “ಫೋಟೋದಾಗೂ ಬಂತೇನ್ ತಮ್ಮಾ?” ಎಂದು ಕೇಳಿ, ಬಂದಿದೆಯೆಂದು ತಿಳಿದ ಮೇಲೆಯೇ ಮನೆಯ ಕಡೆಗೆ ಹೊರಟಳು.